ಸುವರ್ಣಗಿರಿಯಿಂದ ಇಸಿಲಕ್ಕೆ: ಮೌರ್ಯರ ಆಜ್ಞೆ ಮೊಳಕಾಲ್ಮೂರಿನ ಬಂಡೆಗೆ ಬಂದ ಬಗೆ

ಪ್ರಶ್ನೆ: ಮೌರ್ಯರದು ಬಿಗಿಯಾದ ಕೇಂದ್ರೀಕೃತ ಆಡಳಿತ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ನಕ್ಷೆಯಲ್ಲಿ ಅಫ್ಘಾನಿಸ್ತಾನದಿಂದ ಚಿತ್ರದುರ್ಗದವರೆಗೂ ಒಂದೇ ಬಣ್ಣ ಬಳಿದಿರುತ್ತಾರೆ. ಪಾಟಲಿಪುತ್ರದಲ್ಲಿ ಕೂತ ಅರಸನ ಮಾತು ಮೊಳಕಾಲ್ಮೂರಿನ ಹಳ್ಳಿಗೆ ನಿಜಕ್ಕೂ ತಲುಪುತ್ತಿತ್ತೆ? ಎಲ್ಲ ಕಡೆಗೂ ಒಂದೇ ಕಾನೂನು, ಒಂದೇ ತೆರಿಗೆ ಇತ್ತೆ? ಕೌಟಿಲ್ಯನ ಹೆಸರಿನಲ್ಲಿರುವ ರಾಜನೀತಿಯ ಗ್ರಂಥ ಅರ್ಥಶಾಸ್ತ್ರದಲ್ಲಿ ಬರೆದಂತೆಯೇ ಎಲ್ಲವೂ ನಡೆಯುತ್ತಿತ್ತೆ?

ಉತ್ತರ: ತಲುಪುತ್ತಿತ್ತು. ಹೇಗೆ ತಲುಪಿತು ಎಂಬುದಕ್ಕೆ ಸಾಕ್ಷಿ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದೆ. ಬ್ರಹ್ಮಗಿರಿಯ ಬಂಡೆಯ ಮೇಲಿರುವ ಅಶೋಕನ ಶಾಸನ ರಾಜನ ಮಾತಿನಿಂದ ಶುರುವಾಗುವುದಿಲ್ಲ. ಅದು ಶುರುವಾಗುವುದು ಹೀಗೆ: 'ಸುವಂಣಗಿರೀತೇ ಅಯಪುತಸ ಮಹಾಮಾತಾಣಂ ಚ ವಚನೇನ ಇಸಿಲಸಿ ಮಹಾಮಾತಾ ಆರೋಗಿಯಂ ವತವಿಯಾ'. ಎಂದರೆ, ಸುವರ್ಣಗಿರಿಯಿಂದ ಆರ್ಯಪುತ್ರನ ಮತ್ತು ಮಹಾಮಾತ್ರರ ಮಾತಿನಂತೆ, ಇಸಿಲದಲ್ಲಿರುವ ಮಹಾಮಾತ್ರರ ಆರೋಗ್ಯ ವಿಚಾರಿಸಿ ಹೀಗೆ ಹೇಳತಕ್ಕದ್ದು. ಇದು ಕಾಗದದ ಒಕ್ಕಣೆ, ನಮ್ಮ ಹಿರಿಯರ 'ಉಭಯ ಕುಶಲೋಪರಿ' ಇದ್ದ ಹಾಗೆ. ಒಂದು ಕಚೇರಿ ಇನ್ನೊಂದು ಕಚೇರಿಗೆ ಬರೆದ ಮೇಲ್ಬರಹವನ್ನೂ ಸೇರಿಸಿ ಇಲ್ಲಿನವರು ಕಲ್ಲಿಗೆ ಹಾಕಿಸಿಬಿಟ್ಟರು. ಪಕ್ಕದ ಸಿದ್ದಾಪುರದ ಪ್ರತಿಯಲ್ಲೂ ಅದೇ ಒಕ್ಕಣೆ ಇದೆ. ಮಸ್ಕಿಯಲ್ಲಾಗಲಿ ಕೊಪ್ಪಳದಲ್ಲಾಗಲಿ ಅದನ್ನು ಕೆತ್ತಲಿಲ್ಲ. ಮೊಳಕಾಲ್ಮೂರಿನಲ್ಲಿ ಕೆತ್ತಿದ್ದರಿಂದಲೇ ಆಜ್ಞೆ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ಇಂದಿಗೂ ನಮಗೆ ಕಾಣುತ್ತದೆ.

ಆ ಒಂದು ಸಾಲಿನಲ್ಲಿ ಮೂರು ಹಂತಗಳಿವೆ. ಪಾಟಲಿಪುತ್ರದಲ್ಲಿ ಅರಸ. ಸುವರ್ಣಗಿರಿಯಲ್ಲಿ ಅರಸುಮನೆತನದ ಕುಮಾರ ಮತ್ತು ಅವನ ಜೊತೆಗೆ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು. ಇಸಿಲದಲ್ಲಿ ಇನ್ನೊಂದು ಮಹಾಮಾತ್ರರ ತಂಡ. ಇಸಿಲ ಬ್ರಹ್ಮಗಿರಿಯ ತಪ್ಪಲಿನ ಊರು. ಆ ಹೆಸರನ್ನು ಕೋಟೆ ಎಂಬ ಅರ್ಥದ 'ಎಯಿಲ್' ಪದಕ್ಕೆ ಜೋಡಿಸುವ ವಿದ್ವಾಂಸರಿದ್ದಾರೆ. ಸುವರ್ಣಗಿರಿ ಯಾವುದು ಎಂಬ ಚರ್ಚೆ ಮುಗಿದಿಲ್ಲ. ಕನಕಗಿರಿ, ಮಸ್ಕಿ, ಕರ್ನೂಲು ಸೀಮೆಯ ಜೊನ್ನಗಿರಿ ಮೂರಕ್ಕೂ ವಾದಿಸುವವರಿದ್ದಾರೆ. ಮೂರೂ ಚಿನ್ನದ ಸೀಮೆಗೆ ಹತ್ತಿರದವು. ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವರು ಕೂಡ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ.

ಆಜ್ಞೆ ಹೊರಟದ್ದು 'ಆರ್ಯಪುತ್ರನ ಮತ್ತು ಮಹಾಮಾತ್ರರ' ಹೆಸರಲ್ಲಿ, ಕುಮಾರನೊಬ್ಬನ ಹೆಸರಲ್ಲಲ್ಲ. ದೂರದ ಪ್ರಾಂತ್ಯದಲ್ಲಿ ಕೂರಿಸಿದ ಮಗನೇ ಸ್ವತಂತ್ರ ಅರಸನಾಗಿಬಿಡುವ ಅಪಾಯ ಎಲ್ಲ ಸಾಮ್ರಾಜ್ಯಗಳಿಗೂ ಇತ್ತು. ಮೌರ್ಯರು ಅವನ ಪಕ್ಕದಲ್ಲೇ ಮಹಾಮಾತ್ರರನ್ನು ಕೂರಿಸಿ ಇಬ್ಬರ ಹೆಸರಲ್ಲೂ ಆಜ್ಞೆ ಹೊರಡಿಸಿದರು. ತಕ್ಷಶಿಲೆ, ಉಜ್ಜಯಿನಿ, ಕಳಿಂಗದ ತೋಸಲಿ, ಸುವರ್ಣಗಿರಿ ಈ ನಾಲ್ಕು ಅಂಥ ಕೇಂದ್ರಗಳು ಎಂಬುದು ಶಾಸನಗಳಿಂದಲೇ ಗೊತ್ತಾಗುತ್ತದೆ.

ಈಗ ದೂರದ ಲೆಕ್ಕ ನೋಡಿ. ಪಾಟ್ನಾದಿಂದ, ಎಂದರೆ ಅಂದಿನ ಪಾಟಲಿಪುತ್ರದಿಂದ, ಬ್ರಹ್ಮಗಿರಿಗೆ ಹಕ್ಕಿ ಹಾರುವ ನೇರದಲ್ಲೇ 1,450 ಕಿಲೋಮೀಟರಿಗೆ ಕಡಿಮೆಯಿಲ್ಲ. ದಿನಕ್ಕೆ 25 ಕಿಲೋಮೀಟರ್ ನಡೆದರೂ ಎರಡು ತಿಂಗಳು ಹಿಡಿಯುತ್ತದೆ. ಹೊಳೆ, ಕಾಡು, ಮಳೆಗಾಲ ಸೇರಿದರೆ ಇನ್ನೂ ಹೆಚ್ಚು. ಒಂದು ಪ್ರಶ್ನೆ ಕಳಿಸಿ ಉತ್ತರ ಪಡೆಯಲು ನಾಲ್ಕೈದು ತಿಂಗಳು ಬೇಕಿದ್ದ ಕಡೆ ದಿನನಿತ್ಯದ ತೀರ್ಮಾನಗಳನ್ನು ಪಾಟಲಿಪುತ್ರದಿಂದ ಮಾಡಲು ಸಾಧ್ಯವೇ ಇರಲಿಲ್ಲ. ಪಠ್ಯಪುಸ್ತಕದ 'ಕೇಂದ್ರೀಕೃತ' ಎಂಬ ಮಾತು ಎಡವುವುದು ಇಲ್ಲೇ. ಕೇಂದ್ರ ಮಾಡಿದ್ದು ಜನರನ್ನು ನೇಮಿಸುವುದು, ನೀತಿ ಹೇಳುವುದು, ತಿರುಗಾಟಕ್ಕೆ ಅಧಿಕಾರಿಗಳನ್ನು ಕಳಿಸಿ ತಪಾಸಣೆ ಮಾಡಿಸುವುದು. ತೀರ್ಪು, ವಸೂಲಿ, ಶಿಕ್ಷೆ ಎಲ್ಲವೂ ಆಯಾ ಜಾಗದಲ್ಲಿದ್ದವರ ಕೈಯಲ್ಲಿದ್ದವು.

ಇಸಿಲದಿಂದ ಕೆಳಕ್ಕೆ ಹಳ್ಳಿಗೆ ಮಾತು ಹೋದದ್ದು ಹೇಗೆ ಎಂಬುದನ್ನು ಕರ್ನೂಲು ಜಿಲ್ಲೆಯ ಎರ್ರಗುಡಿ ಶಾಸನ ಹೇಳುತ್ತದೆ. ಅದರ ಪ್ರಕಾರ ಮೊದಲು ರಾಜುಕನೆಂಬ ನಾಡಿನ ಅಧಿಕಾರಿಗೆ ಆಜ್ಞೆ ಕೊಡಬೇಕು. ಅವನು ಭೇರಿ ಹೊಡೆಸಿ ಜನಪದದ ಜನರಿಗೂ ರಥಿಕರೆಂಬ ಸ್ಥಳೀಯ ಮುಖ್ಯಸ್ಥರಿಗೂ ತಿಳಿಸಬೇಕು. ಜೊತೆಗೆ ಆನೆ ಸವಾರರು, ಕರಣಕರು, ರಥ ಹೂಡುವವರ ಗುರುಗಳು, ಬ್ರಾಹ್ಮಣರು ತಂತಮ್ಮ ಶಿಷ್ಯರಿಗೆ ಇದನ್ನು ಹಳೆಯ ವಾಡಿಕೆಯಂತೆ ಕಲಿಸಬೇಕು. ಆ ಕರಣಕ ಪದವೇ ನಮ್ಮಲ್ಲಿ ಕರಣಿಕನಾಗಿ, ಶಾನುಭೋಗರ ಕಾಲದವರೆಗೂ ಲೆಕ್ಕಪತ್ರದ ಮನುಷ್ಯನ ಹೆಸರಾಗಿ ಬಾಳಿತು. ಸರ್ಕಾರದ ಬಳಿ ಪ್ರತಿ ಹಳ್ಳಿಗೂ ಒಬ್ಬ ನೌಕರನಿರಲಿಲ್ಲ. ಹಾಗಾಗಿ ಯಾರ ಮಾತನ್ನು ಜನ ಮೊದಲೇ ಕೇಳುತ್ತಿದ್ದರೋ ಅವರ ಬಾಯಿಂದಲೇ ತನ್ನ ಮಾತನ್ನು ಹೇಳಿಸಿತು.

ಹೇಳಿಸಿತು ಎಂದೆ, ಓದಿಸಿತು ಎನ್ನಲಿಲ್ಲ. ಶಾಸನದ ಭಾಷೆ ಪ್ರಾಕೃತ. ವಾಯವ್ಯದ ಕಂದಹಾರದಲ್ಲಿ ಅಶೋಕ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಸಿದ. ತೆಂಕಣದಲ್ಲಿ ಇಲ್ಲಿನ ಜನರ ಮಾತಿಗೆ ಬರವಣಿಗೆಯ ರೂಢಿ ಇನ್ನೂ ಬಂದಿರಲಿಲ್ಲವಾದ್ದರಿಂದ ಪ್ರಾಕೃತವನ್ನೇ ಕೆತ್ತಿಸಿ ಬಾಯಿಮಾತಿನಲ್ಲಿ ವಿವರಿಸಬೇಕಾಯಿತು. ಓದುವ ದಿನವನ್ನೂ ಗೊತ್ತುಮಾಡಿದ್ದರು. ಕಳಿಂಗದ ಧೌಲಿ, ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳು ತಿಷ್ಯ ನಕ್ಷತ್ರದಂದು, ಎಂದರೆ ಪುಷ್ಯದ ದಿನ, ಇದನ್ನು ಕೇಳಿಸಬೇಕು ಎನ್ನುತ್ತವೆ. ನಡುವೆ ಸಂದರ್ಭ ಬಂದಾಗ ಒಬ್ಬನೇ ಇದ್ದರೆ ಒಬ್ಬನಿಗಾದರೂ ಕೇಳಿಸಬೇಕು. ಆ ಪ್ರತ್ಯೇಕ ಶಾಸನಗಳ ಇನ್ನೊಂದು ಪ್ರತಿ 1989ರಲ್ಲಿ ಕಲಬುರಗಿಯ ಸನ್ನತಿಯಲ್ಲಿ ಸಿಕ್ಕಿತು. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅದು ಕೂತಿತ್ತು. ಕಳಿಂಗದ ಅಧಿಕಾರಿಗಳಿಗೆಂದು ಬರೆದ ಎಚ್ಚರಿಕೆ ಭೀಮಾ ತೀರಕ್ಕೂ ಅನ್ವಯವಾಗಿತ್ತು ಎಂಬುದು ಕರ್ನಾಟಕದ ಇತಿಹಾಸದಲ್ಲಿ ಸಣ್ಣ ಮಾತಲ್ಲ.

ಆ ಎಚ್ಚರಿಕೆ ಏನೆಂದು ನೋಡಿದರೆ ವ್ಯವಸ್ಥೆ ಎಲ್ಲಿ ಕೆಡುತ್ತಿತ್ತು ಎಂಬುದು ಗೊತ್ತಾಗುತ್ತದೆ. ತೋಸಲಿಯ ನಗರ ನ್ಯಾಯಾಧಿಕಾರಿಗಳಾದ ಮಹಾಮಾತ್ರರಿಗೆ ಅಶೋಕ ಹೇಳುವ ಮಾತು ಇದು: ನೀವು ಸಾವಿರಾರು ಜೀವಗಳ ಮೇಲೆ ನೇಮಕವಾಗಿದ್ದೀರಿ, ಎಲ್ಲ ಮನುಷ್ಯರೂ ನನ್ನ ಮಕ್ಕಳು, ಆದರೆ ನನ್ನ ಉದ್ದೇಶ ಎಷ್ಟರ ಮಟ್ಟಿನದು ಎಂದು ನಿಮಗೆ ತಿಳಿದಿಲ್ಲ, ತಿಳಿದವನಿಗೂ ಅರ್ಧವೇ ತಿಳಿದಿದೆ. ಯಾರೋ ಒಬ್ಬ ವಿನಾಕಾರಣ ಸೆರೆಗೋ ಹಿಂಸೆಗೋ ಸಿಕ್ಕಿಬೀಳುತ್ತಾನೆ, ಅವನ ಜೊತೆ ಇನ್ನೂ ಅನೇಕರು ನರಳುತ್ತಾರೆ. ಇದಕ್ಕೆ ಕಾರಣವಾದ ಅಧಿಕಾರಿಗಳ ದೋಷಗಳನ್ನು ಅವನು ಒಂದೊಂದಾಗಿ ಹೆಸರಿಸುತ್ತಾನೆ: ಅಸೂಯೆ, ಸಿಟ್ಟು, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ದಣಿವನ್ನೂ ಸೇರಿಸಿದ್ದಾನೆ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಕೆಟ್ಟ ಮನಸ್ಸಿನವರಷ್ಟೇ ಅಲ್ಲ, ಸೋತು ಹೋದವರೂ ಅನ್ಯಾಯ ಮಾಡುತ್ತಾರೆ ಎಂದು ಅರಿತ ಅರಸ ಅವನು. ಅದಕ್ಕೆ ಅವನು ಕಂಡುಕೊಂಡ ಮದ್ದು ತಿರುಗಾಟ. ಕಠೋರನಲ್ಲದ, ದುಡುಕದ ಮಹಾಮಾತ್ರನನ್ನು ಐದು ವರ್ಷಕ್ಕೊಮ್ಮೆ ಹೊರಡಿಸುವುದು, ಉಜ್ಜಯಿನಿಯ ಕುಮಾರ ಮೂರು ವರ್ಷ ಮೀರದಂತೆ ಅಂಥದೇ ತಂಡ ಕಳಿಸುವುದು, ತಕ್ಷಶಿಲೆಯಿಂದಲೂ ಹಾಗೆಯೇ. ಮೂರನೆಯ ಬಂಡೆಶಾಸನದಲ್ಲಿ ಯುಕ್ತರು, ರಾಜುಕರು, ಪ್ರಾದೇಶಿಕರು ಎಂಬ ಅಧಿಕಾರಿಗಳು ತಮ್ಮ ಇತರ ಕೆಲಸದ ಜೊತೆಗೆ ಐದೈದು ವರ್ಷಕ್ಕೆ ಸುತ್ತಬೇಕು ಎಂಬ ಆಜ್ಞೆ ಇದೆ. ಬ್ರಹ್ಮಗಿರಿಯ ಬರಹದ ನಡುವೆ 256 ಎಂಬ ಅಂಕಿ ಬರುತ್ತದೆ. ಅದನ್ನು ಹೆಚ್ಚಿನ ವಿದ್ವಾಂಸರು ಪ್ರವಾಸದಲ್ಲಿ ಕಳೆದ 256 ರಾತ್ರಿಗಳೆಂದೇ ಓದುತ್ತಾರೆ.

ಬರವಣಿಗೆಯಲ್ಲೂ ತಪ್ಪಾಗುತ್ತಿತ್ತು. ಹದಿನಾಲ್ಕನೆಯ ಬಂಡೆಶಾಸನ ಅದನ್ನು ತಾನೇ ಒಪ್ಪಿಕೊಳ್ಳುತ್ತದೆ: ಜಾಗಕ್ಕೆ ತಕ್ಕಂತೆ ಕೆಲವು ಕಡೆ ಚಿಕ್ಕದು, ಕೆಲವು ಕಡೆ ದೊಡ್ಡದು, ಕೆಲವು ಕಡೆ ಅರೆಬರೆ, ಲಿಪಿಕಾರನ ತಪ್ಪಿನಿಂದಲೂ ಹಾಗಾಗಿರಬಹುದು. ನಮ್ಮ ಮೊಳಕಾಲ್ಮೂರಿನ ಶಾಸನಗಳ ಲಿಪಿಕಾರನ ಹೆಸರು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು ಕೊನೆಯ 'ಲಿಪಿಕರೇಣ' ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಖರೋಷ್ಠಿ ಲಿಪಿ ಬಳಕೆಯಲ್ಲಿದ್ದದ್ದು ವಾಯವ್ಯದ ಗಾಂಧಾರದ ಕಡೆ. ಆ ಸೀಮೆಯಲ್ಲಿ ಅಕ್ಷರ ಕಲಿತವನೊಬ್ಬ ಚಿತ್ರದುರ್ಗದ ಬಂಡೆಗಳ ನಡುವೆ ಕೆಲಸ ಮಾಡಿದ್ದಾನೆ ಎಂದಮೇಲೆ ನೌಕರರನ್ನು ಎಷ್ಟು ದೂರಕ್ಕೆ ಕಳಿಸುತ್ತಿದ್ದರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕಾನೂನಿನ ವಿಚಾರಕ್ಕೆ ಬರೋಣ. ಅಶೋಕ ಪಟ್ಟಕ್ಕೆ ಬಂದ 26 ವರ್ಷದ ಮೇಲೆ ಬರೆಸಿದ ನಾಲ್ಕನೆಯ ಸ್ತಂಭಶಾಸನ ಇಲ್ಲಿ ಮುಖ್ಯ. ಅನೇಕ ಲಕ್ಷ ಜನರ ಮೇಲಿದ್ದ ರಾಜುಕರಿಗೆ ಸನ್ಮಾನಿಸುವ, ದಂಡಿಸುವ ಸ್ವಾತಂತ್ರ್ಯವನ್ನು ಅದು ಕೊಡುತ್ತದೆ. ಮಗುವನ್ನು ಅನುಭವಸ್ಥ ದಾದಿಗೆ ಒಪ್ಪಿಸಿ ನಿಶ್ಚಿಂತನಾಗುವ ಹಾಗೆ ಎಂದು ಹೋಲಿಕೆ. ಅದರ ಬೆನ್ನಲ್ಲೇ ಎರಡು ಷರತ್ತು ಹಾಕುತ್ತದೆ. ಒಂದು, 'ವ್ಯವಹಾರಸಮತೆ' ಮತ್ತು 'ದಂಡಸಮತೆ', ಎಂದರೆ ವಿಚಾರಣೆಯ ಕ್ರಮದಲ್ಲೂ ಶಿಕ್ಷೆಯಲ್ಲೂ ಏಕರೂಪತೆ ಇರಬೇಕು. ಇನ್ನೊಂದು, ಮರಣದಂಡನೆ ತೀರ್ಮಾನವಾದ ಸೆರೆಯಾಳಿಗೆ ಮೂರು ದಿನದ ಬಿಡುವು. ಅಷ್ಟರಲ್ಲಿ ಅವನ ಬಂಧುಗಳು ಪ್ರಾಣ ಉಳಿಸುವಂತೆ ಕೇಳಿಕೊಳ್ಳಬಹುದು, ಕೇಳುವವರಿಲ್ಲದಿದ್ದರೆ ಅವನು ದಾನವನ್ನೋ ಉಪವಾಸವನ್ನೋ ಮಾಡಿ ಪರಲೋಕಕ್ಕೆ ಸಿದ್ಧನಾಗಬಹುದು. ಇದರಿಂದ ಎರಡು ಸಂಗತಿ ಖಚಿತ. ಅಶೋಕ ಮರಣದಂಡನೆಯನ್ನು ತೆಗೆದುಹಾಕಲಿಲ್ಲ. ಅಲ್ಲಿಯವರೆಗೆ ಶಿಕ್ಷೆ ಊರಿಗೊಂದು ರೀತಿ ಇದ್ದಿರಬೇಕು. ಇಲ್ಲದಿದ್ದರೆ ಆಳ್ವಿಕೆಯ ಇಪ್ಪತ್ತಾರನೆಯ ವರ್ಷದಲ್ಲಿ ಸಮತೆ ಬೇಕೆಂದು ಬರೆಸುವ ಅಗತ್ಯವೇನಿತ್ತು? ಆ 26 ವರ್ಷಗಳಲ್ಲಿ 25 ಬಾರಿ ಸೆರೆಯಾಳುಗಳನ್ನು ಬಿಡುಗಡೆ ಮಾಡಿದ್ದಾಗಿ ಐದನೆಯ ಸ್ತಂಭಶಾಸನ ಹೇಳುತ್ತದೆ. ಬಿಡಿಸಬೇಕಾದವರನ್ನು ಹುಡುಕುವ ಹೊಣೆ ಧರ್ಮಮಹಾಮಾತ್ರರಿಗೂ ಇತ್ತು. ಪಟ್ಟವಾಗಿ 13 ವರ್ಷಕ್ಕೆ ಅವನೇ ಹೊಸದಾಗಿ ಸೃಷ್ಟಿಸಿದ ಹುದ್ದೆ ಅದು. ಸೆರೆಯಲ್ಲಿರುವವನಿಗೆ ಮಕ್ಕಳಿದ್ದಾರೆಯೇ, ವಯಸ್ಸಾಗಿದೆಯೇ ಎಂದು ನೋಡಿ ನೆರವು ಕೊಡುವುದು ಅವರ ಕೆಲಸ.

ಇನ್ನು ಅರ್ಥಶಾಸ್ತ್ರ. ಈ ಗ್ರಂಥದ ತಾಳೆಗರಿ ಪ್ರತಿ ಸಿಕ್ಕಿದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಕನ್ನಡಿಗರಿಗೆ ಅದರ ಮೇಲೆ ಅಭಿಮಾನ ಇರುವುದು ಸಹಜ. ಆದರೆ ಅದನ್ನು ಚಂದ್ರಗುಪ್ತನ ಆಡಳಿತದ ವರದಿ ಎಂದು ಓದುವುದು ತಪ್ಪು. ಈಗಿರುವ ರೂಪಕ್ಕೆ ಗ್ರಂಥ ಬಂದದ್ದು ಮೌರ್ಯರ ನಂತರ, ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಎಂದು ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅದರ ಅತಿ ಮುಖ್ಯ ಅಧಿಕಾರಿಗಳಾದ ಸಮಾಹರ್ತೃ (ಕಂದಾಯದ ಮುಖ್ಯಸ್ಥ), ಸನ್ನಿಧಾತೃ (ಖಜಾನೆಯ ಮುಖ್ಯಸ್ಥ) ಅಶೋಕನ ಶಾಸನಗಳಲ್ಲಿ ಎಲ್ಲೂ ಇಲ್ಲ. ಶಾಸನಗಳಲ್ಲಿ ದೊಡ್ಡ ಹುದ್ದೆಯಾದ ರಾಜುಕನಿಗೆ ಅಲ್ಲಿ ಆ ಜಾಗವಿಲ್ಲ. ಯುಕ್ತ ಎರಡರಲ್ಲೂ ಇದ್ದಾನೆ, ಪ್ರಾದೇಶಿಕನಿಗೆ ಹತ್ತಿರದ ಪ್ರದೇಷ್ಟೃ ಇದ್ದಾನೆ. ಹಾಗಾಗಿ ಅದನ್ನು ಆ ಕಾಲದ ಆಡಳಿತಗಾರರ ತಲೆಯಲ್ಲಿದ್ದ ಮಾದರಿ ಎಂದು ಓದಬೇಕು. ಹಾಗೆ ಓದಿದರೆ ಅದರಷ್ಟು ಉಪಯುಕ್ತ ಗ್ರಂಥ ಇನ್ನೊಂದಿಲ್ಲ.

ಆ ಮಾದರಿಯಲ್ಲಿ ಹಳ್ಳಿಯೆಂದರೆ 100ರಿಂದ 500 ಒಕ್ಕಲು. ಅವುಗಳ ಆಡಳಿತದ ಠಾಣೆಗಳು ಹೀಗೆ: 10 ಹಳ್ಳಿಗೆ ಸಂಗ್ರಹಣ, 200ಕ್ಕೆ ಕಾರ್ವಟಿಕ, 400ಕ್ಕೆ ದ್ರೋಣಮುಖ, 800ಕ್ಕೆ ಸ್ಥಾನೀಯ. ಐದೋ ಹತ್ತೋ ಹಳ್ಳಿಗೆ ಒಬ್ಬ ಗೋಪ. ಮನೆಮನೆಯ ಜನ, ವರ್ಣ, ಕಸುಬು, ದನಕರು, ಎಷ್ಟು ಹಣ, ಎಷ್ಟು ಬಿಟ್ಟಿದುಡಿಮೆ, ಎಷ್ಟು ಸುಂಕ ಬರಬೇಕು ಎಂಬುದನ್ನೆಲ್ಲ ಅವನು ಬರೆದಿಡಬೇಕು. ಆ ಪಟ್ಟಿ ನಿಜವೇ ಎಂದು ನೋಡಲು ಒಕ್ಕಲಿಗರ ವೇಷದ ಗೂಢಚಾರರು ಬೇರೆಯಾಗಿ ಎಣಿಸಬೇಕು. ಎರಡು ಲೆಕ್ಕವನ್ನು ತಾಳೆ ನೋಡುವುದೇ ಅದರ ಗುಟ್ಟು. ವರ್ಷಕ್ಕೆ 354 ದಿನ ಹಿಡಿದು ಆಷಾಢದ ಹುಣ್ಣಿಮೆಗೆ ಎಲ್ಲ ಇಲಾಖೆಗಳ ಲೆಕ್ಕ ಮುದ್ರೆ ಹಾಕಿದ ಪುಸ್ತಕಗಳಲ್ಲಿ ಬರಬೇಕು. ತಂದವರು ಒಂದೆಡೆ ಸೇರಿದಾಗ ಪರಸ್ಪರ ಮಾತಾಡದಂತೆ ತಡೆಯಬೇಕು, ಏಕೆಂದರೆ ಮಾತಾಡಿಕೊಂಡರೆ ಲೆಕ್ಕ ಹೊಂದಿಸಿಕೊಳ್ಳುತ್ತಾರೆ. ಇಷ್ಟಾದರೂ ಕಳ್ಳತನ ನಿಲ್ಲದೆಂದು ಗ್ರಂಥಕಾರನಿಗೆ ಗೊತ್ತು. ಹಣ ನುಂಗುವ 40 ವಿಧಗಳನ್ನು ಹೇಳಿ, ನೀರಲ್ಲಿರುವ ಮೀನು ನೀರು ಕುಡಿಯುವುದು ಹೇಗೆ ಕಾಣುವುದಿಲ್ಲವೋ ಹಾಗೆ ಎನ್ನುತ್ತಾನೆ. ಸಂಬಳ ವರ್ಷಕ್ಕೆ 48,000 ಪಣದಿಂದ ಕೆಳಗೆ 60 ಪಣದವರೆಗೆ. ಎಂಟುನೂರು ಪಟ್ಟು ಅಂತರ! ಸಾಮಾಜಿಕ ಶ್ರೇಣಿ ಹೇಗಿತ್ತು ಎಂಬುದಕ್ಕೆ ಇದೇ ಅಳತೆಗೋಲು.

ನ್ಯಾಯಕ್ಕೆ ಎರಡು ಬಗೆಯ ಪೀಠ. ಮದುವೆ, ಆಸ್ತಿ, ಸಾಲ, ಗಡಿಯ ವ್ಯಾಜ್ಯಗಳಿಗೆ ಧರ್ಮಸ್ಥರೆಂಬ ಮೂವರು ನ್ಯಾಯಾಧೀಶರು. ಕಳ್ಳರು, ಮೋಸದ ವ್ಯಾಪಾರಿಗಳು, ಕೆಟ್ಟ ಅಧಿಕಾರಿಗಳನ್ನು ನೋಡಿಕೊಳ್ಳಲು ಮೂವರು ಪ್ರದೇಷ್ಟೃಗಳ 'ಕಂಟಕಶೋಧನ', ಎಂದರೆ ಮುಳ್ಳು ಕೀಳುವ ಕೆಲಸ. ಗುಟ್ಟಾಗಿ, ಮನೆಯೊಳಗೆ, ರಾತ್ರಿಯಲ್ಲಿ, ಕಾಡಿನಲ್ಲಿ, ಮೋಸದಿಂದ ಮಾಡಿಕೊಂಡ ಕರಾರು ಸಾಮಾನ್ಯವಾಗಿ ಊರ್ಜಿತವಲ್ಲ. ಕಕ್ಷಿದಾರನನ್ನು ಗದರಿಸಿದ, ಅನ್ಯಾಯವಾಗಿ ಬಾಯಿ ಮುಚ್ಚಿಸಿದ ಧರ್ಮಸ್ಥನಿಗೇ ದಂಡ. ಎಲ್ಲ ಕಡೆಗೂ ಒಂದೇ ಕಾನೂನೆ ಎಂದು ಕೇಳಿದಿರಿ. ಅರ್ಥಶಾಸ್ತ್ರದ ಉತ್ತರ 'ಅಲ್ಲ' ಎಂದೇ. ತೀರ್ಪಿಗೆ ಅದು ನಾಲ್ಕು ಆಧಾರ ಹೇಳುತ್ತದೆ: ಧರ್ಮ, ವ್ಯವಹಾರ, ಚರಿತ್ರ, ರಾಜಶಾಸನ. ಇವುಗಳಲ್ಲಿ ಚರಿತ್ರವೆಂದರೆ ಆಯಾ ಜನರ ನಡಾವಳಿ. ದೇಶ, ಗ್ರಾಮ, ಜಾತಿ, ಕುಲ, ಸಂಘಗಳ ನಡಾವಳಿಯನ್ನು ಲೆಕ್ಕದ ಕಚೇರಿಯ ಪುಸ್ತಕದಲ್ಲಿ ಬರೆದಿಡಬೇಕು ಎಂಬ ನಿಯಮವೂ ಇದೆ. ಸಾಮ್ರಾಜ್ಯ ಊರಿನ ಕಟ್ಟುಪಾಡನ್ನು ಅಳಿಸಲು ಹೋಗದೆ ಅದನ್ನು ದಾಖಲಿಸಿಕೊಂಡು ಅದರ ಮೇಲೆ ಕೂತಿತು.

ತೆರಿಗೆಯೂ ಒಂದೇ ದರದ್ದಲ್ಲ. ರಾಜನ ಪಾಲು ಆರರಲ್ಲೊಂದು ಎಂಬುದು ಗ್ರಂಥಗಳ ಮಾತು. ಚಂದ್ರಗುಪ್ತನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಾಸ್ತನೀಸನನ್ನು ಆಧರಿಸಿದ ಗ್ರೀಕ್ ಬರಹಗಳಲ್ಲಿ ನಾಲ್ಕರಲ್ಲೊಂದು ಎಂಬ ಲೆಕ್ಕ ಬರುತ್ತದೆ. ಕಲ್ಲಿನ ಸಾಕ್ಷಿ ಲುಂಬಿನಿಯದು. ಪಟ್ಟವಾದ 20ನೆಯ ವರ್ಷ ಅಲ್ಲಿಗೆ ಹೋದ ಅಶೋಕ, ಬುದ್ಧ ಹುಟ್ಟಿದ ಊರೆಂದು 'ಬಲಿ' ಎಂಬ ತೆರಿಗೆಯನ್ನು ಬಿಟ್ಟುಕೊಟ್ಟು ಬೆಳೆಯ 'ಭಾಗ'ವನ್ನು ಎಂಟರಲ್ಲೊಂದಕ್ಕೆ ಇಳಿಸಿದ. ಒಂದು ಹಳ್ಳಿಯ ರಿಯಾಯಿತಿಯನ್ನು ಅರಸನೇ ಘೋಷಿಸಿ ಕಂಬ ನೆಡಿಸಬೇಕಾಯಿತು ಎಂದರೆ ವಸೂಲಿ ಅಲ್ಲಿ ನಿಜವಾಗಿ ನಡೆಯುತ್ತಿತ್ತು ಎಂದಾಯಿತು. ಕರ್ನಾಟಕದ ಯಾವ ಅಶೋಕ ಶಾಸನವೂ ತೆರಿಗೆಯ ಮಾತೆತ್ತುವುದಿಲ್ಲ. ಇಲ್ಲಿ ಅವರಿಗೆ ಬೇಕಿದ್ದದ್ದು ಮುಖ್ಯವಾಗಿ ಚಿನ್ನ ಮತ್ತು ಅದು ಸಾಗುವ ದಾರಿ ಎಂದು ನಾನು ತಿಳಿಯುತ್ತೇನೆ. ಗಂಗೆಯ ಬಯಲಿನಂತೆ ಹೊಲಹೊಲವನ್ನೂ ಅಳೆದ ಆಡಳಿತ ಇಲ್ಲಿತ್ತೆಂದು ಹೇಳಲು ಆಧಾರವಿಲ್ಲ. ರಾಜುಕ ಎಂಬ ಹೆಸರೇ ಅಳತೆಯ ಹಗ್ಗವಾದ 'ರಜ್ಜು'ವಿನಿಂದ ಬಂದದ್ದು, ನಿಜ. ಆದರೆ ನಮ್ಮ ಸೀಮೆಯಲ್ಲಿ ಅವನು ಹಗ್ಗ ಹಿಡಿದದ್ದಕ್ಕಿಂತ ಭೇರಿ ಹೊಡೆಸಿದ್ದು ದಾಖಲಾಗಿದೆ.

ಸಮಾಜದ ಬಗ್ಗೆ ಒಂದೆರಡು ಮಾತು. ಮೆಗಾಸ್ತನೀಸ ಏಳು ವರ್ಗ ಎಣಿಸಿದ: ತತ್ವಜ್ಞಾನಿಗಳು, ರೈತರು, ದನಗಾಹಿ ಮತ್ತು ಬೇಟೆಗಾರರು, ಕುಶಲಕರ್ಮಿ ಮತ್ತು ವರ್ತಕರು, ಸೈನಿಕರು, ಮೇಲ್ವಿಚಾರಕರು, ಮಂತ್ರಾಲೋಚಕರು. ಇದು ಕೆಲಸದ ವಿಂಗಡಣೆ, ನಾಲ್ಕು ವರ್ಣಕ್ಕೆ ಹೊಂದಿಸಲು ಹೋದರೆ ಕೂಡುವುದಿಲ್ಲ. ಭಾರತದಲ್ಲಿ ಗುಲಾಮರಿಲ್ಲ ಎಂದೂ ಅವನು ಬರೆದ. ಅಶೋಕನ ಶಾಸನಗಳೇ 'ದಾಸಭೃತಕ'ರನ್ನು ಸರಿಯಾಗಿ ನಡೆಸಿಕೊಳ್ಳಿ ಎನ್ನುವುದರಿಂದ ಆ ಮಾತು ನಿಲ್ಲುವುದಿಲ್ಲ. ಅಶೋಕ ದಾಸ್ಯವನ್ನು ಅಳಿಸಲಿಲ್ಲ, ಮೃದುಗೊಳಿಸಲು ನೋಡಿದ. ತಾಯಿತಂದೆಯರ ಮಾತು ಕೇಳು, ಜೀವಗಳಲ್ಲಿ ದಯೆಯಿರಲಿ, ನಿಜ ನುಡಿ, ಶಿಷ್ಯ ಗುರುವನ್ನು ಗೌರವಿಸಲಿ, ಇದು 'ಪೋರಾಣಾ ಪಕಿತಿ', ಹಳೆಯ ನಡತೆ ಎನ್ನುತ್ತದೆ ಬ್ರಹ್ಮಗಿರಿ. ಕಾಡಿನವರ ಮುಂದೆ ಮಾತ್ರ ದನಿ ಬೇರೆ. ಕಳಿಂಗದ ಪಶ್ಚಾತ್ತಾಪ ಹೇಳುವ ಹದಿಮೂರನೆಯ ಬಂಡೆಶಾಸನದಲ್ಲೇ 'ಅಟವಿ'ಯ ಜನರಿಗೆ, ಪಶ್ಚಾತ್ತಾಪಪಟ್ಟರೂ ನನಗೆ ಬಲವಿದೆ, ತಿದ್ದಿಕೊಳ್ಳಿ, ಸಾಯಬೇಡಿ ಎಂಬ ಬೆದರಿಕೆ ಇದೆ. ಕಾಡು ಅವನ ಕೈಯಲ್ಲಿ ಪೂರ್ತಿ ಇರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಹಾಗಾಗಿ ನಕ್ಷೆಯನ್ನು ನೀವೇ ಹೊಸದಾಗಿ ಬಿಡಿಸಿ ನೋಡಿ. ಮೊದಲು ಚುಕ್ಕಿ ಇಡಿ: ಸನ್ನತಿ, ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೇಗೋಳ, ಮೊಳಕಾಲ್ಮೂರಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಗಡಿಯಾಚೆ ಎರ್ರಗುಡಿ. ಹೆಚ್ಚಿನವು ಕೃಷ್ಣಾ ಮತ್ತು ತುಂಗಭದ್ರೆಯ ನಡುವೆ, ಅದರ ಅಂಚಿನಲ್ಲಿ ಗುಂಪಾಗಿ ಬೀಳುತ್ತವೆ. ಚುಕ್ಕಿಗಳನ್ನು ದಾರಿಯಂತೆ ಗೆರೆ ಎಳೆದು ಉಜ್ಜಯಿನಿಯ ಕಡೆಗೆ ಕೂಡಿಸಿ. ಗೆರೆಯ ಎರಡೂ ಬದಿಗೆ ತೆಳ್ಳಗೆ ಬಣ್ಣ ಹಚ್ಚಿ, ಗಂಗೆಯ ಬಯಲಿಗೆ ಮಾತ್ರ ದಟ್ಟವಾಗಿ. ಮಲೆನಾಡಿಗೂ ವಿಂಧ್ಯದ ಕಾಡಿಗೂ ಬಣ್ಣ ಹಾಕಬೇಡಿ.